ಬಲಚಕ್ರದ ಬ್ರೇಕ್ ಪ್ಯಾಡ್ ವಿಚಾರಣೆ

ನಮ್ಮ ಮನೆಯ ಕಾರಿನಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಒಂದೇ: ನನ್ನ ಬಲಗಾಲು. ಇದು ನನ್ನ ಗಂಡ ಚಂದ್ರಶೇಖರಪ್ಪನವರ ಕಾಯಂ ತೀರ್ಮಾನ. ಒಮ್ಮೆ ವೈಪರ್ ನಿಂತುಹೋದಾಗಲೂ ಅವರು ಬಾನೆಟ್ ಎತ್ತುವ ಮೊದಲು ನನ್ನ ಕಾಲಿನ ಕಡೆಗೆ ಒಂದು ನೋಟ ಬೀರಿದ್ದರು. ಹಾಗಾಗಿ ತೊಂಬತ್ತೊಂಬತ್ತನೆಯ ಇಸವಿಯ ಅಕ್ಟೋಬರಿನಲ್ಲಿ ಒಂದು ಗುರುವಾರ, ಸವೆದ ಬ್ರೇಕ್ ಪ್ಯಾಡೊಂದನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಂದು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಸಿಟ್ಟು ಮಾತ್ರ ಬಂತು.

“ನೋಡು,” ಎಂದರು. “ಮುಂದಿನ ಬಲಚಕ್ರದ್ದು. ಒಂದೇ ವರ್ಷದಲ್ಲಿ ಇದು ಮೂರನೇ ಸಲ. ಪ್ಯಾಡೇ ಇಲ್ಲ, ಬರೀ ತಗಡು. ಈಗ ಹೊಸದು ಹಾಕಿಸ್ಕೊಂಡು ಬಂದೆ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡ್ಸಿದ್ರೆ ಇನ್ನೇನಾಗ್ತದೆ?”

“ಎಡಗಡೆದು ಸವೆದಿಲ್ವಾ?”

“ಇಲ್ಲ. ಅದೇ ನಾನು ಹೇಳೋದು. ನೀನು ಕೂರೋದು ಬಲಗಡೆ. ನಿನ್ನ ಕಾಲಿನ ಕೆಳಗಿರೋ ಚಕ್ರಾನೇ ಸವೆದಿದೆ.”

“ನೀವು ಓಡ್ಸುವಾಗ ಎಲ್ಲಿ ಕೂರ್ತೀರಿ? ಡಿಕ್ಕಿಯಲ್ಲಾ?”

ನನ್ನ ಗಂಡನಿಗೆ ಬೇಡದ ಪ್ರಶ್ನೆ ಬಂದರೆ ಅವರ ಕಿವಿ ಕೇಳಿಸುವುದಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ತಮ್ಮ ತಾಯಿಯ ಕಡೆ ತಿರುಗಿ, “ಅವ್ವಾ, ಇನ್ಮೇಲೆ ಈ ಕೀ ನಿನ್ನ ಹತ್ರ ಇರ್ಲಿ. ನಾನು ಕೇಳಿದ್ರೆ ಕೊಡು, ಇವಳು ಕೇಳಿದ್ರೆ ಕೊಡ್ಬೇಡ,” ಎಂದು ಕಾರಿನ ಕೀ ಕೊಟ್ಟರು. ನಮ್ಮ ಅತ್ತೆ ಕಲ್ಲಮ್ಮನವರಿಗೆ ಆಗ ಎಪ್ಪತ್ತೆಂಟು. ಉಗ್ರಾಣದ ಕೀ ನನ್ನ ಕೈಗೆ ಬಂದಂದಿನಿಂದ ಅವರ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಕಾರಿನ ಕೀಯನ್ನು ಎರಡು ಸಲ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಖದಲ್ಲಿ ಏನೋ ಒಂದು ಕಳೆ ಬಂತು.

ಆ ಕೀ ಮೇಲೆ ನನ್ನ ಹೂವಿನ ವ್ಯಾಪಾರವೆಲ್ಲ ನಿಂತಿತ್ತು. ಮನೆಯ ಹಿಂದೆ ನೆರಳುಬಲೆ ಕಟ್ಟಿಸಿ ನಾನು ಆಂಥೂರಿಯಂ ಬೆಳೆಸುತ್ತಿದ್ದೆ, ಮೇಣ ಹಚ್ಚಿದ ಹಾಗೆ ಹೊಳೆಯುವ ಆ ಕೆಂಪು ಹೂವು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಕತ್ತರಿಸಿ, ರಟ್ಟಿನ ಡಬ್ಬಗಳಲ್ಲಿ ಜೋಡಿಸಿ, ಮೂಡಿಗೆರೆಗೆ ಒಯ್ದು ಬೆಂಗಳೂರಿನ ಬಸ್ಸಿಗೆ ಹಾಕಬೇಕು. ಅಲ್ಲಿ ಮದುವೆ ಮನೆಗಳಿಗೆ ಅಲಂಕಾರ ಮಾಡುವ ಅಂಗಡಿಯವರೊಬ್ಬರು ಇಳಿಸಿಕೊಳ್ಳುತ್ತಿದ್ದರು. ಇದಕ್ಕಾಗಿಯೇ ನಲವತ್ತಾರನೆಯ ವಯಸ್ಸಿನಲ್ಲಿ ಕಾರು ಕಲಿತವಳು ನಾನು. ಮೊದಲು ನನ್ನ ಗಂಡನೇ ಕಲಿಸಲು ಬಂದಿದ್ದರು. ಕಾಫಿ ಕಣದಲ್ಲಿ ಎರಡು ಸುತ್ತು ಚೆನ್ನಾಗಿ ಹೊಡೆದೆ. ಮೂರನೆಯ ಸುತ್ತಿನಲ್ಲಿ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ಮೇಲೆ ಹತ್ತಿಸಿದೆ. ಅವರು ಕಾರಿನಿಂದ ಇಳಿದು ಹೋದರು. ಆಮೇಲೆ ಮೂಡಿಗೆರೆಯ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡೆ.

ಮಾರನೆಯ ದಿನ ಶುಕ್ರವಾರ. “ಹೂವನ್ನ ರೈಟರ್ ಒಯ್ತಾರೆ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ,” ಎಂದು ನನ್ನ ಗಂಡ ಡಬ್ಬಗಳನ್ನು ಎಸ್ಟೇಟಿನ ಜೀಪಿಗೆ ಹಾಕಿಸಿದರು. ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರ್ ಬಸವರಾಜಪ್ಪ ತುಂಬ ಒಳ್ಳೆಯ ಮನುಷ್ಯ. ಡಬ್ಬ ಗಾಳಿಗೆ ಹಾರದಿರಲಿ ಎಂದು ಅವುಗಳ ಮೇಲೆ ಒಂದು ಚೀಲ ಮೆಣಸು ಹೇರಿಕೊಂಡು ಹೋದರು. ಶನಿವಾರ ಬೆಂಗಳೂರಿನಿಂದ ಫೋನ್ ಬಂತು. “ಮೇಡಂ, ಹೂವು ಕಳ್ಸಿದ್ದೀರೋ ಹಪ್ಪಳ ಕಳ್ಸಿದ್ದೀರೋ? ಮಂಗಳವಾರ ಕಳ್ಸೋದು ದೊಡ್ಡ ಮದುವೆಗೆ. ಅದೂ ಹೀಗೇ ಬಂದ್ರೆ ನಾವು ಬೇರೆ ಕಡೆ ನೋಡ್ಕೋಬೇಕಾಗ್ತದೆ.”

ರಿಸೀವರ್ ಇಟ್ಟೆ. ಐದು ವರ್ಷ ಕಷ್ಟಪಟ್ಟು ಕುದುರಿಸಿದ ಗಿರಾಕಿ. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತು ಮುಗಿಸಿ ಮುಖ ತೊಳೆದುಕೊಂಡು, ಮಂಗಳವಾರದೊಳಗೆ ಆ ಕೀ ನನ್ನ ಕೈಗೆ ಬರಲೇಬೇಕು ಎಂದು ನಿಶ್ಚಯಿಸಿದೆ.

ಭಾನುವಾರ ನನ್ನ ಗಂಡ ಕಾರು ತೊಳೆಯುವ ದಿನ. ಅದನ್ನು ನೋಡಲು ಟಿಕೆಟ್ ಇಡಬಹುದು. ಕಾಫಿ ಗಿಡ, ಮೆಣಸಿನ ಬಳ್ಳಿಗೆ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ಔಷಧಿ ಹೊಡೆಯುತ್ತಾರಲ್ಲ, ಆ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡು, ಚಡ್ಡಿ ಹಾಕಿಕೊಂಡು, ಶೆಡ್ಡಿನಲ್ಲಿ ನಿಂತ ಕಾರಿನ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ಇದರ ಹಿಂದೆ ಅವರದೊಂದು ಸಿದ್ಧಾಂತವಿದೆ. ಔಷಧಿ ಹೊಡೆದ ಮೇಲೆ ಪಂಪನ್ನು ನೀರು ಹಾಕಿ ತೊಳೆಯಲೇಬೇಕು. ಕಾರಿಗೂ ನೀರು ಬೇಕು. ಪಂಪಿಗೆ ನೀರು ತುಂಬಿ ಕಾರಿಗೆ ಹೊಡೆದರೆ ಪಂಪೂ ತೊಳೆದಂತಾಯಿತು, ಕಾರೂ ತೊಳೆದಂತಾಯಿತು. ಈ ಉಪಾಯವನ್ನು ಅವರು ಕ್ಲಬ್ಬಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದಾರೋ ಲೆಕ್ಕವಿಲ್ಲ. ಕಾರಿನ ಎಡಮಗ್ಗುಲು ಗೋಡೆಗೆ ಅಂಟಿಕೊಂಡಂತೆ ನಿಲ್ಲುವುದರಿಂದ, ಪಂಪು ಹೊತ್ತು ಆ ಕಡೆ ನುಗ್ಗಲಾಗದು. ಗೇಟಿನಿಂದ ಬರುವವರಿಗೆ ಕಾಣುವುದು ಬಲಮಗ್ಗುಲು ಮಾತ್ರ, ಅದು ಹೊಳೆದರೆ ಸಾಕು. ಎಡಮಗ್ಗುಲಿಗೆ ಮಳೆಗಾಲವೇ ಗತಿ.

ಅವರು ಬಲಚಕ್ರದ ಮಣ್ಣಿಗೆ ನಳಿಕೆ ಹಿಡಿದು ಚುಯ್ಯೆಂದು ಹೊಡೆಯುತ್ತಿದ್ದಾಗ ಅತ್ತೆ ಜಗಲಿಯಲ್ಲಿ ಕೂತು ಆ ಸವೆದ ಪ್ಯಾಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎರಡು ದಿನದಿಂದ ಅದನ್ನು ಅಡಿಕತ್ತರಿಯ ಜೊತೆ ತಟ್ಟೆಯಲ್ಲೇ ಇಟ್ಟುಕೊಂಡಿದ್ದರು.

“ಅಲ್ವೇ ರುದ್ರಾಣಿ, ಇದು ಒಂಟಿನಾ?”

“ಇಲ್ಲ ಅತ್ತೆ, ಒಂದು ಚಕ್ರಕ್ಕೆ ಎರಡು ಇರ್ತದೆ. ಒಳಗೊಂದು ಹೊರಗೊಂದು.”

“ಹಾಗಾದ್ರೆ ಇದ್ರ ಜೋಡಿ ಎಲ್ಲಿ? ಚಂದ್ರು ಒಂದೇ ಯಾಕೆ ತಂದ?”

ನಾನು ಅತ್ತೆಯ ಮುಖ ನೋಡಿದೆ. ಮೂರು ದಿನದಿಂದ ನನ್ನ ಕಾಲಿನ ಪರವಾಗಿ ವಾದ ಮಾಡುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಕೋಪ ಬಂತು.

“ಕೇಳಿ ನೋಡಿ ಅತ್ತೆ,” ಎಂದೆ.

ಅವರು ಕೇಳಿದರು. ಪಂಪಿನ ಸದ್ದಿಗೆ ಮಗನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೇಳಿದರು. “ಗ್ಯಾರೇಜಲ್ಲೇ ಬಿದ್ದಿರ್ತದೆ ಬಿಡವ್ವ, ಅದ್ಯಾಕೆ ಈಗ,” ಎಂದು ಅವರು ಚಕ್ರದ ಕಡೆ ಬಗ್ಗಿದರು.

“ನಂಗೆ ನೋಡ್ಬೇಕು. ನಾಳೆ ಹೋಗಾಣ.”

“ಕೀ ಕೊಡು, ನಾನೊಬ್ನೇ ಹೋಗಿ ತರ್ತೀನಿ.”

“ಕೀ ಬರೋದಾದ್ರೆ ನಾನೂ ಬರ್ತೀನಿ. ಇವಳೂ ಬರ್ಲಿ. ಬರ್ತಾ ಮಸಾಲೆ ದೋಸೆ ತಿನ್ಕೊಂಡ್ ಬರಾಣ,” ಎಂದರು ಅತ್ತೆ. ಪ್ರತಿ ಶುಕ್ರವಾರ ನಾನು ಹೂವು ಬಸ್ಸಿಗೆ ಹಾಕಿದ ಮೇಲೆ ನಾವಿಬ್ಬರೂ ದೋಸೆ ತಿಂದೇ ಬರುತ್ತಿದ್ದೆವೆಂಬುದು ಮಗನಿಗೆ ಗೊತ್ತಿರಲಿಲ್ಲ. ಈ ಸಲದ ಶುಕ್ರವಾರ ಅವರಿಗೂ ನಷ್ಟವಾಗಿತ್ತು.

ಸೋಮವಾರ ಬೆಳಿಗ್ಗೆ ಹೊರಟೆವು. ಡ್ರೈವರ್ ಸೀಟಿನಲ್ಲಿ ಅವರು, ಪಕ್ಕದಲ್ಲಿ ಅತ್ತೆ, ಹಿಂದೆ ನಾನು. ಮೂಡಿಗೆರೆಯ ಇಳಿಜಾರಿನಲ್ಲಿ ಒಂದು ದನ ಅಡ್ಡ ಬಂದು ಬ್ರೇಕ್ ಒತ್ತಿದಾಗ ಕಾರು ಎಡಗಡೆಯ ಚರಂಡಿ ಕಡೆಗೆ ಎಳೆಯಿತು. ಹೊಸ ಪ್ಯಾಡ್ ಹಾಕಿ ಇನ್ನೂ ವಾರವಾಗಿರಲಿಲ್ಲ.

“ಈಗ ಬ್ರೇಕ್ ಮೇಲೆ ಯಾರ ಕಾಲಿತ್ತು?” ಎಂದೆ. ಅವರ ಕಿವಿ ಕೇಳಿಸಲಿಲ್ಲ.

ಗ್ಯಾರೇಜಿನ ಮಲ್ಲಿಕಾರ್ಜುನ ಕೆಲಸ ಬಲ್ಲವನೇ. ಆದರೆ ಎದುರಿಗೆ ಯಾರು ನಿಂತರೆ ಅವರ ಮಾತಿಗೆ ಹೂಂಗುಟ್ಟುವ ಮನುಷ್ಯ. ನಾವು ಮೂವರೂ ಒಟ್ಟಿಗೆ ಇಳಿದದ್ದು ನೋಡಿ ಯಾರಿಗೆ ಹೂಂಗುಟ್ಟಬೇಕೆಂದು ಅವನಿಗೆ ತಿಳಿಯಲಿಲ್ಲ. ಅತ್ತೆಗೆ ಒಂದು ಸ್ಟೂಲು ಹಾಕಿ, ನಮ್ಮಿಬ್ಬರನ್ನು ನೋಡಿ ಹಲ್ಲುಕಿರಿದ.

“ಮೊನ್ನೆ ಬಿಚ್ಚಿದ ಪ್ಯಾಡಿನ ಜೋಡಿ ಎಲ್ಲಪ್ಪ?” ಎಂದು ಕೇಳಿದೆ.

ಅವನು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ರಸ್ತೆಯಲ್ಲಿ ಹೋಗುತ್ತಿದ್ದ ಕಳಸದ ಬಸ್ಸನ್ನು ನೋಡಿದರು. ಗುಜರಿ ಡಬ್ಬ ಅಲ್ಲೇ ಇತ್ತು. ನಾನೇ ಕೈ ಹಾಕಿ ತಡಕಿ ತೆಗೆದೆ. ಸೀರೆಗೆ ಆಯಿಲ್ ಮೆತ್ತಿಕೊಂಡಿತು, ಮೆತ್ತಿಕೊಳ್ಳಲಿ. ಅತ್ತೆ ತಮ್ಮ ಚೀಲದಿಂದ ಸವೆದದ್ದನ್ನು ತೆಗೆದು ಪಕ್ಕಕ್ಕೆ ಹಿಡಿದರು. ಒಂದು ಬರೀ ತಗಡು. ಇನ್ನೊಂದು ನಿನ್ನೆ ಅಂಗಡಿಯಿಂದ ತಂದ ಹಾಗೆ ದಪ್ಪ.

“ಪೆಡಲ್ ಒತ್ತಿದ್ರೆ ಎರಡೂ ಪ್ಯಾಡ್ ಸೇರಿ ಚಕ್ರದ ಜೊತೆ ತಿರುಗೋ ಡಿಸ್ಕನ್ನ ಹಿಡೀಬೇಕಲ್ವಾ ಮಲ್ಲಿಕಾರ್ಜುನ?”

“ಹೌದಮ್ಮ. ಇಕ್ಕಳ ಹಿಡಿದ ಹಾಗೆ.”

“ಹಾಗಾದ್ರೆ ನನ್ನ ಕಾಲು ಇಕ್ಕಳದ ಒಂದೇ ಬಾಯನ್ನ ಹೆಂಗೆ ಒತ್ತಿತು? ಅದೂ ಬಲಗಡೆ ಚಕ್ರದ್ದು ಮಾತ್ರ? ನನ್ನ ಕಾಲಿಗೆ ಅಷ್ಟೊಂದು ವಿದ್ಯೆ ಇದ್ಯಾ?”

“ಅದು... ಹಂಗೆಲ್ಲ ಆಗಲ್ಲಮ್ಮ.”

“ಯಜಮಾನ್ರಿಗೆ ಕೇಳೋ ಹಾಗೆ ಹೇಳು.”

“ಆಗಲ್ಲ ಸಾರ್,” ಎಂದ ಅವನು, ನೆಲ ನೋಡಿಕೊಂಡು.

ಚಕ್ರ ಬಿಚ್ಚಲು ಹೇಳಿದೆ. ಮೊದಲು ಎಡಗಡೆಯದು ಬಿಚ್ಚಿಸಿದೆ. ಪ್ಯಾಡುಗಳನ್ನು ಹಿಡಿದಿಟ್ಟುಕೊಳ್ಳುವ ಕಬ್ಬಿಣದ ಇಕ್ಕಳಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದು ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಜಾರಿದರೆ ತಾನೇ ಹೊರಗಿನ ಪ್ಯಾಡೂ ಬಂದು ಡಿಸ್ಕಿಗೆ ತಾಗುವುದು. ಎಡಗಡೆಯದನ್ನು ಮಲ್ಲಿಕಾರ್ಜುನ ಹೆಬ್ಬೆರಳಲ್ಲಿ ಒತ್ತಿದ, ಸಲೀಸಾಗಿ ಜಾರಿತು. ಬಲಗಡೆಯದನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿದ. ಅಲುಗಲಿಲ್ಲ. ಹೊರಗಿನ ಪ್ಯಾಡು ಡಿಸ್ಕಿನ ಹತ್ತಿರವೂ ಸುಳಿಯದೆ ಕೂತಿತ್ತು. ಒಳಗಿನದು ಒಂದೇ ಎಲ್ಲ ಕೆಲಸ ಮಾಡಿ ಸವೆಯುತ್ತಿತ್ತು. ಬಲಚಕ್ರ ಅರ್ಧಂಬರ್ಧ ಹಿಡಿಯುತ್ತಿದ್ದುದರಿಂದಲೇ ಕಾರು ಎಡಕ್ಕೆ ಎಳೆಯುತ್ತಿದ್ದದ್ದು. ಇಷ್ಟನ್ನು ನೋಡಿದ ಮೇಲೆ ಯಾರೂ ನನಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

“ಆ ಪಿನ್ ತೆಗೆ,” ಎಂದೆ.

ಸುತ್ತಿಗೆಯಲ್ಲಿ ಹೊಡೆದು ಹೊಡೆದು ತೆಗೆಯಬೇಕಾಯಿತು. ಅದಕ್ಕೆ ಹೊದಿಸಿದ್ದ ರಬ್ಬರು ಹರಿದು ಹೋಗಿತ್ತು. ಪಿನ್ನಿನ ಮೈತುಂಬ ಗಟ್ಟಿ ಹಕ್ಕಳೆ. ಬಿಳಿ ಸುಣ್ಣದ ನಡುವೆ ತಿಳಿ ನೀಲಿ.

ನಾವು ಮೂವರೂ ಬಗ್ಗಿ ನೋಡಿದೆವು. ಆ ಬಣ್ಣ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಮುಂಗಾರಿಗೆ ಮುಂಚೆ ತೋಟದ ಎಲೆಗಳ ಮೇಲೆಲ್ಲ ಅದೇ ಬಣ್ಣ, ಔಷಧಿ ಹೊಡೆಯುವವರ ಅಂಗಿಯ ಮೇಲೂ ಅದೇ.

“ಮೈಲುತುತ್ತ ಅಲ್ವೇನೋ ಚಂದ್ರು ಇದು?” ಎಂದರು ಅತ್ತೆ.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. “ಎಲ್ಲಾ ತೋಟದಲ್ಲೂ ಸ್ಪ್ರೇ ಮಾಡ್ತಾರೆ ಕಣವ್ವ. ಗಾಳೀಲಿ ಹಾರಿ ಬಂದಿರ್ತದೆ.”

“ಹಾರಿ ಬಂದು ಬಲಗಡೆ ಚಕ್ರಕ್ಕೇ ಹುಡುಕ್ಕೊಂಡ್ ಹೋಯ್ತಾ?” ಎಂದೆ. “ಎಡಗಡೆ ಚಕ್ರ ಮಡಿಯಲ್ಲಿತ್ತಾ? ರೀ, ನೀವು ಭಾನುವಾರ ತೊಳ್ದಿದ್ದು ಯಾವ ಮಗ್ಗುಲು?”

ಅವರು ಮತ್ತೆ ರಸ್ತೆಯ ಕಡೆ ತಿರುಗಿದರು. ನಾನು ಗೆದ್ದೆ ಎಂದುಕೊಂಡೆ. ಗೆದ್ದ ಹುಮ್ಮಸ್ಸಿನಲ್ಲಿ ಮಲ್ಲಿಕಾರ್ಜುನನ ಮೇಲೂ ತಿರುಗಿಬಿದ್ದೆ. “ಮೂರು ಸಲ ಪ್ಯಾಡ್ ಹಾಕಿದೀಯ. ಒಂದ್ಸಲ ಆದ್ರೂ ಈ ಪಿನ್ ಕಡೆ ನೋಡಿದ್ಯಾ? ನಿನಗೆ ಕಣ್ಣಿಲ್ವಾ?”

ಇಷ್ಟು ಹೊತ್ತು ಎಲ್ಲರಿಗೂ ಹೂಂಗುಟ್ಟುತ್ತಿದ್ದವನಿಗೆ ಅದು ನಾಟಿತು. “ನನ್ನ ಮೇಲೆ ಹಾಕ್ಬೇಡಿ ಅಮ್ಮ. ಎರಡನೇ ಸಲಾನೇ ನೋಡಿ ಹೇಳಿದೀನಿ. ಸಾರ್, ಔಷಧಿ ಪಂಪಲ್ಲಿ ಗಾಡಿ ತೊಳೀಬೇಡಿ, ಪಿನ್ ಹಿಡ್ಕೊಂಡಿದೆ, ಬಿಚ್ಚಿ ಸರಿ ಮಾಡ್ತೀನಿ ಅಂದೆ. ಈಗ ಬೇಡ, ಬರೀ ಪ್ಯಾಡ್ ಹಾಕು, ಮನೇಲಿ ಯಾರ ಹತ್ರಾನೂ ಹೇಳ್ಬೇಡ ಮಾರಾಯ ಅಂದ್ರು. ಹೌದೋ ಅಲ್ವೋ ಕೇಳಿ.”

ಆವರೆಗೂ ನಾನು ಇದನ್ನು ಗಂಡಸಿನ ದಡ್ಡತನ ಎಂದು ತಿಳಿದಿದ್ದೆ. ದಡ್ಡತನವನ್ನು ಇಪ್ಪತ್ತೆಂಟು ವರ್ಷ ನಿಭಾಯಿಸಿದ್ದೇನೆ, ಅದು ನನಗೆ ದೊಡ್ಡದಲ್ಲ. ಗೊತ್ತಿದ್ದೂ ನನ್ನ ಕಾಲಿನ ಮೇಲೆ ಹಾಕಿದ್ದು ಕೇಳಿ ಎದೆ ಉರಿಯಿತು. ಆ ಬ್ರೇಕಿನಲ್ಲೇ ನಾನು ಇವರ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವರ್ಷವಿಡೀ ಇಳಿಜಾರು ಇಳಿದಿದ್ದೆ.

“ಯಾಕೆ ರೀ?” ಎಂದೆ.

ಅವರ ಕಿವಿ ಈಗ ಚೆನ್ನಾಗಿ ಕೇಳಿಸುತ್ತಿತ್ತು. ಕೆಂಪಗೂ ಆಗಿತ್ತು. “ನೀನು ಸುಮ್ನಿರು. ನಿಂಗೇನ್ ಗೊತ್ತು? ಹೋದ ವರ್ಷ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಆ ಪಾರ್ಸೆಲ್ ಏಜೆಂಟ್ ನನ್ನ ಮೇಲಿಂದ ಕೆಳಗೆ ನೋಡಿ, ‘ಓ, ಹೂವಿನಮ್ಮನ ಯಜಮಾನ್ರಾ’ ಅಂದ. ಕ್ಲಬ್ಬಲ್ಲೂ ಹಂಗೇ. ಹೂವು ಹೆಂಗಿದೆ, ಹೂವಿನಮ್ಮ ಹೆಂಗಿದಾರೆ. ಮೂರು ತಲೆಮಾರಿನ ತೋಟ ನಮ್ದು. ನಂಗೊಂದು ಹೆಸರಿಲ್ವಾ?”

ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಇಪ್ಪತ್ತೆಂಟು ವರ್ಷದಿಂದ ನನ್ನ ಎಲ್ರೂ ಚಂದ್ರಶೇಖರಪ್ಪನ ಹೆಂಡ್ತಿ ಅಂತಾರೆ,” ಎಂದೆ. “ಮದುವೆ ಕಾಗದದ ಮೇಲೆ ಅಷ್ಟೂ ಇರಲ್ಲ, ‘ಮತ್ತು ಕುಟುಂಬ’ ಅಂತ ಬರೀತಾರೆ. ಅದಕ್ಕೆ ನಾನು ನಿಮ್ಮ ಬ್ರೇಕ್ ಕೆಡಿಸಿದ್ನಾ? ನಿಮ್ಮನ್ನ ಒಂದ್ಸಲ ರುದ್ರಾಣಿ ಗಂಡ ಅಂದಿದ್ದಕ್ಕೆ ಇಷ್ಟೆಲ್ಲಾನಾ?”

ಮಲ್ಲಿಕಾರ್ಜುನ ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ.

ಅತ್ತೆ ಸ್ಟೂಲಿನಿಂದ ಎದ್ದರು. “ಕೀ ಎಲ್ಲೋ ಚಂದ್ರು?” ಎಂದು ಕೈಚಾಚಿದರು. ಮಗ ಜೇಬಿನಿಂದ ತೆಗೆದು ಕೊಟ್ಟರು. ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಾರೋ ಏನೋ ಎಂದು ನಾನು ನೋಡುತ್ತಿದ್ದೆ. ಅವರು ನನ್ನ ಆಯಿಲ್ ಮೆತ್ತಿದ ಅಂಗೈ ಬಿಡಿಸಿ ಅದರಲ್ಲಿ ಇಟ್ಟು, ಬೆರಳುಗಳನ್ನು ಮಡಿಸಿದರು. “ನನ್ನ ಕೂರಿಸ್ಕೊಂಡು ಓಡಾಡೋಳು ಇವಳು. ಇವನು ನನ್ನನ್ನೂ ಗುಂಡಿಗೆ ಬೀಳಿಸ್ತಿದ್ದ,” ಎಂದು ಮಲ್ಲಿಕಾರ್ಜುನನಿಗೆ ಹೇಳಿದರು. ಮಗನಿಗೆ ಹೇಳಲಿಲ್ಲ. ಅದರಿಂದ ನನ್ನ ಗಂಡನಿಗೆ ಹೊಡೆತ ತಿಂದದ್ದಕ್ಕಿಂತ ಹೆಚ್ಚು ನೋವಾಯಿತು ಎಂದು ಕಾಣುತ್ತದೆ.

ಆಮೇಲಿನ ಕೆಲಸ ಮಲ್ಲಿಕಾರ್ಜುನ ಚೆನ್ನಾಗಿಯೇ ಮಾಡಿದ. ಕೆಟ್ಟ ಪಿನ್ನು, ಹರಿದ ರಬ್ಬರು ಬಿಸಾಡಿ ಹೊಸದು ಹಾಕಿದ. ಪಿನ್ನು ಕೂರುವ ತೂತನ್ನು ಉಜ್ಜಿ ನೀಲಿ ಹಕ್ಕಳೆಯನ್ನೆಲ್ಲ ತೆಗೆದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಷೀನಿಗೆ ಹಾಕುವ ಗ್ರೀಸ್ ಡಬ್ಬದ ಕಡೆ ನನ್ನ ಗಂಡ ಕೈ ತೋರಿಸಿದಾಗ, “ಅದು ಬಿಸಿಗೆ ಕರಗ್ತದೆ, ರಬ್ಬರನ್ನೂ ತಿಂತದೆ ಸಾರ್,” ಎಂದು ಬ್ರೇಕಿಗೆಂದೇ ಬರುವ ಬೇರೆ ಗ್ರೀಸ್ ಹಚ್ಚಿದ. ಎರಡೂ ಮುಂಚಕ್ರಗಳಿಗೆ ಹೊಸ ಪ್ಯಾಡ್ ಹಾಕಿಸಿದೆ, ಒಂದೇ ಕಡೆಗೆ ಬೇಡವೆಂದೆ. ಕೊನೆಗೆ ನಾನೇ ಕ್ಯಾಲಿಪರನ್ನು ಹೆಬ್ಬೆರಳಲ್ಲಿ ತಳ್ಳಿ ನೋಡಿದೆ. ಬಲಗಡೆಯದೂ ಎಡಗಡೆಯದರ ಹಾಗೆ ಜಾರಿತು.

ದೋಸೆ ತಿಂದು ಹೊರಟಾಗ ಸ್ಟೀರಿಂಗಿನಲ್ಲಿ ನಾನು. ಅದೇ ಇಳಿಜಾರಿನ ದಾರಿಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ, ನನ್ನ ಬಲಗಾಲನ್ನು ಜೋರಾಗಿ ಒತ್ತಿದೆ. ಕಾರು ನೇರವಾಗಿ ನಿಂತಿತು. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ನನ್ನ ಗಂಡನ ದನಿ ಕೇಳಿಸಿತು.

“ನಾಳೆ ಹೂವಿನ ಜೊತೆ ನಾನೂ ಬರ್ಲಾ?”

“ಬನ್ನಿ. ಮುಂದಿನ ಸೀಟು ಅತ್ತೆಯವ್ರದ್ದು. ಹಿಂದೆ ಡಬ್ಬ ಹಿಡ್ಕೊಂಡು ಕೂರೋದಾದ್ರೆ ಬನ್ನಿ.”

ಮಂಗಳವಾರ ನಾವು ಹೊರಗೆ ಬರುವಷ್ಟರಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದರು. ಎರಡು ಡಬ್ಬ ಪಕ್ಕದಲ್ಲಿ, ಒಂದು ತೊಡೆಯ ಮೇಲೆ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಡಬ್ಬದ ಮೇಲೆ ಕೈಯಿಟ್ಟು ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಪಾರ್ಸೆಲ್ ಏಜೆಂಟ್ ನನ್ನ ಕಾರು ಕಂಡು ಓಡಿಬಂದ. ನಾನು ಇಳಿಯುವ ಮೊದಲೇ ನನ್ನ ಗಂಡ ಡಬ್ಬ ಎತ್ತಿಕೊಂಡು ಇಳಿದರು. ಏಜೆಂಟ್ ಅವರ ಮುಖ ನೋಡಿ ಏನೋ ಹೇಳಲು ಹೊರಟ.

“ನಾನು ರುದ್ರಾಣಿಯವ್ರ ಗಂಡ,” ಎಂದರು ಅವರು. ಕಷಾಯ ಕುಡಿದ ಮುಖ ಮಾಡಿಕೊಂಡು ಹೇಳಿದರು, ಆದರೆ ಹೇಳಿದರು.

ಮುಂದಿನ ಸೀಟಿನ ಕಿಟಕಿಯಿಂದ ಅತ್ತೆ ತಲೆ ಹೊರಗೆ ಹಾಕಿದರು. “ಜೋರಾಗಿ ಹೇಳೋ ಚಂದ್ರು. ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸ್ಲಿಲ್ಲ.”

ಅವರು ಇನ್ನೊಮ್ಮೆ ಹೇಳಿದರು.